ಕಾಗೆ ನೋಡಿದ ಮಗು ಆಮೇಲೆ ಯಾರ ಕಡೆ ತಿರುಗಿತು?

"ಮಗೂನ ಕರ್ಕೊಂಡು ಬರೋಕೆ ಮುಂಚೆ ಮೂರು ವಿಡಿಯೊ ಕಳಿಸಿ." ಮಗುವಿಗೆ ಮಾತು ಬಂದಿಲ್ಲವೆಂದು ಫೋನ್ ಮಾಡಿ ಸಮಯ ಕೇಳುವವರಿಗೆ, ಸ್ಪೀಚ್ ಥೆರಪಿಸ್ಟ್ ಆದ ನಾನು ಹೇಳುವ ಮೊದಲ ಮಾತು ಇದು. ಆರು ವರ್ಷದ ಹಿಂದೆ ಇದನ್ನು ಶುರು ಮಾಡಿದಾಗ ನಮ್ಮೂರಿನ ಮಕ್ಕಳ ಡಾಕ್ಟರೊಬ್ಬರು "ವಾಟ್ಸ್ಆ್ಯಪ್‌ನಲ್ಲಿ ಆಟಿಸಂ ಕಂಡುಹಿಡೀತೀರೇನಮ್ಮ?" ಎಂದು ಕೇಳಿದ್ದರು. ಆಟಿಸಂ ಎಂದರೆ ಬೇರೆಯವರೊಡನೆ ಬೆರೆಯುವ, ಸಂವಹಿಸುವ ರೀತಿಯೇ ಬೇರೆಯಾಗಿರುವ ಬೆಳವಣಿಗೆಯ ಸ್ಥಿತಿ. ಜೊತೆಯಲ್ಲಿ ಓದಿದ ಗೆಳತಿಯರೂ ಒಪ್ಪಲಿಲ್ಲ. ಹೋದ ತಿಂಗಳು ಅದೇ ಡಾಕ್ಟರು ಒಂದು ಮಗುವನ್ನು ಕಳಿಸಿದರು. ಚೀಟಿಯ ಕೆಳಗೆ "ನಿಮ್ಮ ಮೂರು ವಿಡಿಯೊ ನೋಡಿ ತಿಳಿಸಿ" ಎಂದು ಬರೆದಿದ್ದರು. ಆ ಚೀಟಿ ನನ್ನ ಮೇಜಿನ ಗಾಜಿನ ಕೆಳಗಿದೆ. ಇದನ್ನೆಲ್ಲ ಬರೆದಿಡಬೇಕು ಅನ್ನಿಸಿದ್ದು ಅದರಿಂದಲೇ.

ತಿಪಟೂರಿನಲ್ಲಿ ನನ್ನದೊಂದು ಚಿಕ್ಕ ಸ್ಪೀಚ್ ಥೆರಪಿ ಕೇಂದ್ರವಿದೆ. ಇದೇ ಕೆಲಸ ಮಾಡುವವರಿಗಾಗಿ ಬರೆಯುತ್ತಿರುವುದರಿಂದ ಆಟಿಸಂ ಸಾಧ್ಯತೆ ಇದೆಯೇ ಎಂದು ತಾಯಿತಂದೆಯರನ್ನು ಕೇಳುವ ಎಂ-ಚಾಟ್‌ನ 20 ಪ್ರಶ್ನೆ, ಆಟಿಸಂ ಅಳೆಯುವ ಭಾರತದ ಮಾಪನ ಐಸಾದ 40 ಅಂಶ, ಅದರಲ್ಲಿ ಆಟಿಸಂ ಅನ್ನಲು ಬೇಕಾದ 70 ಅಂಕದ ಗಡಿ ಇವನ್ನೆಲ್ಲ ಮತ್ತೆ ವಿವರಿಸುವುದಿಲ್ಲ. ಪ್ರಶ್ನೆಗಳ ಬಗ್ಗೆ ನನಗೆ ತಕರಾರೂ ಇಲ್ಲ. ತೊಂದರೆಯೆಲ್ಲ ಬರುವ ಉತ್ತರದ್ದು. "ಬೆರಳು ಮಾಡಿ ತೋರಿಸ್ತಾನಾ?" ಎಂದರೆ ಹತ್ತರಲ್ಲಿ ಒಂಬತ್ತು ತಾಯಂದಿರು "ಹೂಂ, ತೋರಿಸ್ತಾನೆ" ಅನ್ನುತ್ತಾರೆ. ಬಿಸ್ಕತ್ತು ಬೇಕೆಂದು ತೋರಿಸುವುದು ಬೇರೆ, ವಿಮಾನ ಹೋಯಿತು ನೋಡಮ್ಮ ಎಂದು ತೋರಿಸುವುದು ಬೇರೆ. ಒಂದು ಬೇಡಿಕೆ, ಇನ್ನೊಂದು ಕಂಡದ್ದನ್ನು ಹಂಚಿಕೊಳ್ಳುವುದು; ಆಟಿಸಂಗೆ ನಾವು ನೋಡಬೇಕಾದದ್ದು ಎರಡನೆಯದನ್ನು. ಆ ವ್ಯತ್ಯಾಸ ತಾಯಿಗೆ ಗೊತ್ತಿರಬೇಕಾಗಿಲ್ಲ, ನಮಗೆ ಗೊತ್ತಿರಬೇಕು.

ಹೆಸರು ಕರೆಯುವ ಪ್ರಶ್ನೆಯದೂ ಇದೇ ಕಥೆ. ಜನ್ಮಪತ್ರದಲ್ಲಿ ನಾಲಿಗೆ ಹೊರಳದಂಥ ಹೆಸರಿರುತ್ತದೆ. ಮನೆಯಲ್ಲಿ ಅಜ್ಜಿಗೆ ಅವನು ಬಂಗಾರಿ, ಅಪ್ಪನಿಗೆ ಮಗನೇ, ಅಮ್ಮನಿಗೆ ಪುಟ್ಟು. ನನ್ನೆದುರು ಕೂತಾಗ ಮಾತ್ರ ಎಲ್ಲರೂ ಆ ಉದ್ದ ಹೆಸರಿನಿಂದ ಕರೆಯುತ್ತಾರೆ, ಮಗು ತಿರುಗುವುದಿಲ್ಲ. ಈಗ ನಾನು "ಮನೇಲಿ ಏನಂತ ಕರೀತೀರೋ ಹಾಗೇ ಕರೀರಿ" ಅನ್ನುತ್ತೇನೆ. ಆ ಒಂದು ಮಾತಿನಿಂದಲೇ ಆರೇಳು ಮಕ್ಕಳ ಲೆಕ್ಕ ಬದಲಾಗಿದೆ.

ನನ್ನ ಕಣ್ಣು ತೆರೆಸಿದ್ದು ಒಂದು ದೊಡ್ಡ ತಪ್ಪು. ಎರಡೂಕಾಲು ವರ್ಷದ ಹುಡುಗ, ಕೊಬ್ಬರಿ ಮಂಡಿಯಲ್ಲಿ ಹಮಾಲಿ ಮಾಡುವವರ ಮಗ. ಮಾತಿಲ್ಲ, ಕರೆದರೆ ತಿರುಗುವುದಿಲ್ಲ, ಮಿಕ್ಸಿ ಹಾಕಿದರೆ ಕಿವಿ ಮುಚ್ಚಿಕೊಳ್ಳುತ್ತಾನೆ. "ಕುಕ್ಕರ್ ವಿಶಲ್ ಕೇಳ್ತದೆ ಮೇಡಂ, ಕಿವಿ ಚೆನ್ನಾಗೈತೆ" ಎಂದರು ತಾಯಿ. ಒಳಗಿವಿ ಸದ್ದಿಗೆ ಸ್ಪಂದಿಸುತ್ತದೆಯೇ ಎಂದು ನೋಡುವ ಓಎಇ ಪರೀಕ್ಷೆ ಕೂಡ ಪಾಸಾಗಿತ್ತು. ಎಂ-ಚಾಟ್‌ನಲ್ಲಿ 9 ಬಂತು, ಆಟಿಸಂ ಸಾಧ್ಯತೆ ಹೆಚ್ಚು ಅನ್ನುವ ಅಂಕ. ನಾನು ಆಟಿಸಂ ದಾರಿಯಲ್ಲೇ ಕೆಲಸ ಶುರು ಮಾಡಿದೆ. ಏಳು ತಿಂಗಳು ಹೋಯಿತು. ಹುಟ್ಟಿದಾಗ ಕಾಮಾಲೆ ಜಾಸ್ತಿಯಾಗಿ ರಕ್ತ ಬದಲಾಯಿಸಿದ್ದರೆಂಬ, ಕಿವಿಯ ನರಕ್ಕೆ ಪೆಟ್ಟು ಬಿದ್ದಿರಬಹುದೆಂದು ಎಚ್ಚರಿಸುವ ಸಂಗತಿ ನನ್ನ ಫೈಲಿನಲ್ಲೇ ಇತ್ತು, ನಾನದನ್ನು ಓದಿಯೂ ಓದಿರಲಿಲ್ಲ. ಕೊನೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಸದ್ದು ನರದ ಮೂಲಕ ಮಿದುಳಿಗೆ ಹೋಗುವುದನ್ನು ಅಲೆಗಳಾಗಿ ತೋರಿಸುವ ಬೆರಾ ಪರೀಕ್ಷೆ ಮಾಡಿದಾಗ ಅಲೆಗಳೇ ಇಲ್ಲ. ಅದು ಆಡಿಟರಿ ನ್ಯೂರೋಪತಿ, ಅಂದರೆ ಸದ್ದು ಸಾಗಿಸುವ ಕಿವಿಯ ನರದ ತೊಂದರೆ. ಒಳಗಿವಿಯ ಹೊರಸಾಲಿನ ಕೂದಲ ಕೋಶಗಳು ಸರಿಯಿದ್ದರೆ ಓಎಇ ಸಾಮಾನ್ಯವಾಗಿ ಬರುತ್ತದೆ. ನರದಲ್ಲಿ ಸದ್ದು ಕದಡಿ ಹೋಗುವುದು ಅದಕ್ಕೆ ತಿಳಿಯುವುದಿಲ್ಲ. ಆ ಹುಡುಗನಿಗೆ ಕುಕ್ಕರ್ ಕೇಳುತ್ತಿತ್ತು, ಅಮ್ಮನ ಮಾತು ಮಾತಾಗಿ ಕೇಳುತ್ತಿರಲಿಲ್ಲ.

ಆ ರಾತ್ರಿ ಅವರ ಮನೆಯ ಹಳೆಯ ವಿಡಿಯೊ ಒಂದನ್ನು ನೋಡಿದೆ, ಯಾವುದೋ ಹುಟ್ಟುಹಬ್ಬದ್ದು. ಹುಡುಗ ಒಡೆದ ಬಲೂನು ಹಿಡಿದುಕೊಂಡು ಓಡಿಬಂದ. ಅಮ್ಮನ ಗಲ್ಲ ಹಿಡಿದು ಮುಖ ತನ್ನ ಕಡೆ ತಿರುಗಿಸಿಕೊಂಡ. ಬಲೂನು ತೋರಿಸಿದ, ಕೈ ಅಗಲಿಸಿ "ಹೋಯ್ತು" ಎಂಬಂತೆ ಮಾಡಿದ, ಮತ್ತೆ ಅವಳ ಕಣ್ಣು ನೋಡಿದ. ಏಳೆಂಟು ಸೆಕೆಂಡಿನಲ್ಲಿ ಇಷ್ಟೂ ಇತ್ತು. ಏಳು ತಿಂಗಳು ನನ್ನ ಕೋಣೆಯಲ್ಲಿ ನಾನು ಕಾಣದೇ ಹೋದದ್ದು ಅದರಲ್ಲಿತ್ತು. ನನ್ನ ವಿಧಾನ ಹುಟ್ಟಿದ್ದು ಅಲ್ಲಿಂದ.

ಮೊದಲನೆಯದು ತುತ್ತಿನ ವಿಡಿಯೊ. ಅಂಗಳದಲ್ಲೋ ತಾರಸಿಯ ಮೇಲೋ ಅಮ್ಮ ಊಟ ಮಾಡಿಸಬೇಕು, "ಕಾಗೆ ಎಲ್ಲಿ?" "ಚಂದಮಾಮ ನೋಡು" ಎಂದು ತೋರಿಸಬೇಕು. ಮಗು ಕಾಗೆ ನೋಡಿತೇ ಎಂಬುದು ನನಗೆ ಅರ್ಧ ಮಾತ್ರ. ಕಾಗೆ ನೋಡಿದ ಮೇಲೆ ತಿರುಗಿ ಅಮ್ಮನ ಮುಖ ನೋಡಿತೇ ಎಂಬುದು ಉಳಿದರ್ಧ. ಎರಡನೆಯದು ಡಬ್ಬಿಯ ವಿಡಿಯೊ: ಮುಚ್ಚಳ ಬಿಗಿಯಾದ ಸ್ಟೀಲ್ ಡಬ್ಬಿಯಲ್ಲಿ ಇಷ್ಟದ ತಿಂಡಿ ಹಾಕಿ ಕೈಗೆ ಕೊಡುವುದು. ಕೆಲವು ಮಕ್ಕಳು ಡಬ್ಬಿ ಚಾಚಿ ಮುಖ ನೋಡುತ್ತವೆ. ಕೆಲವು ಅಮ್ಮನ ಮಣಿಕಟ್ಟು ಹಿಡಿದು, ಇಕ್ಕಳ ತಂದು ಇಟ್ಟ ಹಾಗೆ ಆ ಕೈಯನ್ನು ಮುಚ್ಚಳದ ಮೇಲೆ ಇಡುತ್ತವೆ, ಮುಖದ ಕಡೆ ಹೋಗುವುದೇ ಇಲ್ಲ. ಮೂರನೆಯದು ಹತ್ತು ನಿಮಿಷ ಸುಮ್ಮನೆ ಬಿಟ್ಟದ್ದು. ಟಿವಿ ಆಫ್, ಅಮ್ಮ ಅಡುಗೆಮನೆಯಲ್ಲಿ.

ಹೇಳುವಷ್ಟು ಸುಲಭವಾಗಿ ಆಗಲಿಲ್ಲ. ಮೊದಲ ವರ್ಷ ಬಂದ ವಿಡಿಯೊಗಳಲ್ಲಿ ಮುಕ್ಕಾಲು ಪಾಲು ಪ್ರದರ್ಶನ. "ಒನ್ ಟೂ ಹೇಳು, ಆಂಟಿಗೆ ಹಾಯ್ ಮಾಡು" ಎಂದು ಹಿಂದಿನಿಂದ ದನಿ. ಅಮ್ಮನ ಮುಖವೇ ಇಲ್ಲದ ಚೌಕಟ್ಟು. ಈಗ ನಿಯಮ ಮಾಡಿದ್ದೇನೆ: ಪಕ್ಕದಿಂದ ತೆಗೆಯಬೇಕು, ಇಬ್ಬರ ಮುಖವೂ ಕಾಣಬೇಕು, ತೆಗೆಯುವವರು ಬಾಯಿ ಬಿಡಬಾರದು. ಅಪ್ಪ ಅಮ್ಮ ಮೊದಲೇ ಹೇಳಿಕೊಡದ ಹಾಗೆ ಇನ್ನೊಂದು ಉಪಾಯ ಮಾಡುತ್ತೇನೆ, ಡಬ್ಬಿಯಲ್ಲೂ ಒಂದು ಸಣ್ಣ ಮರ್ಮವಿದೆ. ಅವೆರಡನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ನಾಳೆ ಮಗುವಿಗೆ ಅಭ್ಯಾಸ ಮಾಡಿಸಿಯೇ ಕಳಿಸುತ್ತಾರೆ.

ಓಡುವ ಮಕ್ಕಳ ವಿಷಯ ಬಂದಾಗ ಮೂರನೇ ವಿಡಿಯೊದ ಬೆಲೆ ಗೊತ್ತಾಗುತ್ತದೆ. "ಒಂದು ಕಡೆ ಕೂರಲ್ಲ" ಎಂದು ಬಂದವರನ್ನೆಲ್ಲ ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ) ಅನ್ನಲಾಗದು, ಆಟಿಸಂ ಎಂದೂ ಅನ್ನಲಾಗದು. ಓಡುವ ಹುಡುಗ ಬಾಗಿಲ ಹತ್ತಿರ ಒಂದು ಗಳಿಗೆ ನಿಂತು, ಅಮ್ಮ ಬೆನ್ನಟ್ಟಿ ಬಂದಳೋ ಇಲ್ಲವೋ ಎಂದು ಹಿಂದೆ ತಿರುಗಿ ನಗುತ್ತಾನೋ? ನಾನು ನೋಡುವುದು ಅದನ್ನು. ತಿರುಗದೇ ಹೋದ ಮಕ್ಕಳ ಬಗ್ಗೆ ನನಗೆ ಆತಂಕ ಹೆಚ್ಚು. ಎಡಿಎಚ್‌ಡಿ, ಆಟಿಸಂ ಎರಡೂ ಒಟ್ಟಿಗೆ ಇರುವ ಮಕ್ಕಳೂ ಇದ್ದಾರೆ. ಮನೋವೈದ್ಯರು ರೋಗ ಗುರುತಿಸಲು ಬಳಸುವ ಅಮೆರಿಕದ ಕೈಪಿಡಿ, 2013ರ ಡಿಎಸ್ಎಂ-5ಕ್ಕೆ ಮುಂಚೆ ಎರಡನ್ನೂ ಒಟ್ಟಿಗೆ ಬರೆಯಲು ಅವಕಾಶವಿರಲಿಲ್ಲ. ಆ ಹಳೆಯ ಅಭ್ಯಾಸ ಇನ್ನೂ ಕೆಲವರನ್ನು ಬಿಟ್ಟಿಲ್ಲ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಇಂಗ್ಲಿಷ್ ಪುಸ್ತಕಗಳಲ್ಲಿ ಆಟಿಸಂನ ಒಂದು ಸುಳಿವಾಗಿ ಮಗು ನಾನು-ನೀನು ಅದಲುಬದಲು ಮಾಡುತ್ತದೆಯೇ ನೋಡಿ ಎಂದಿರುತ್ತದೆ. ಕನ್ನಡದಲ್ಲಿ ನಾವು ನಾನು, ನೀನು ಹೇಳುವುದೇ ಕಡಿಮೆ. ಕ್ರಿಯಾಪದದ ಬಾಲ ನೋಡಬೇಕು. ನಾಲ್ಕು ವರ್ಷದ ಹುಡುಗಿಯೊಬ್ಬಳು ನೀರು ಬೇಕಾದಾಗ "ನೀರು ಬೇಕಾ?" ಅನ್ನುತ್ತಿದ್ದಳು. ಎತ್ತಿಕೊ ಅನ್ನಬೇಕಾದಾಗ "ಎತ್ಕೊಳ್ಲಾ?", ಹಸಿವಾದರೆ "ಊಟ ಮಾಡ್ತೀಯಾ?" ರಾಗ ಕೂಡ ಅಮ್ಮನದೇ. ಮನೆಯವರು ಮುದ್ದು ಎಂದುಕೊಂಡಿದ್ದರು. ಎರಡು ವರ್ಷದ ಆಸುಪಾಸಿನಲ್ಲಿ ಅನೇಕ ಮಕ್ಕಳು ಸ್ವಲ್ಪ ಹೀಗೆ ಮಾಡುತ್ತವೆ, ಮೂರು ದಾಟಿದ ಮೇಲೂ ಉಳಿದರೆ ಕಿವಿ ನಿಮಿರಬೇಕು. ಅವಳು ಕಣ್ಣಿಗೆ ಕಣ್ಣು ಕೊಡುತ್ತಿದ್ದಳು, ನಗುತ್ತಿದ್ದಳು. ಅದಕ್ಕೇ ನಮ್ಮೂರಿನ ಆ ಮಕ್ಕಳ ಡಾಕ್ಟರು "ಇದು ಆಟಿಸಂ ಅಲ್ಲ, ನಾಚಿಕೆ" ಎಂದು ಕಳಿಸಿದ್ದರು. ಹತ್ತು ನಿಮಿಷದ ವಿಡಿಯೊದಲ್ಲಿ ಅವಳು ಹುಣಸೆ ಬೀಜಗಳನ್ನು ಹೊಸ್ತಿಲ ಮೇಲೆ ಸಾಲಾಗಿ ಇಟ್ಟಳು. ಒಂದು ಬೀಜ ಉರುಳಿದ್ದಕ್ಕೆ ಹಟ ಹಿಡಿದು ಅತ್ತಳು. ಒಮ್ಮೆಯೂ "ಅಮ್ಮಾ ನೋಡು" ಎಂದು ಕರೆಯಲಿಲ್ಲ. ನಾನು ಪಟ್ಟು ಹಿಡಿದು ಬೆಂಗಳೂರಿಗೆ ಕಳಿಸಿದೆ. ಮನೋವೈದ್ಯರು, ಮನಶ್ಶಾಸ್ತ್ರಜ್ಞರು ಎಲ್ಲ ಸೇರಿ ಎರಡು ದಿನ ನೋಡಿ ಆಟಿಸಂ ಎಂದೇ ಬರೆದರು. ಡಾಕ್ಟರಿಗೆ ನಂಬಿಕೆ ಬರಲು ಆರಂಭವಾದದ್ದು ಅವಳಿಂದ. ಒಂದು ಸ್ಪಷ್ಟನೆ: ವಿಡಿಯೊ ನೋಡಿ ನಾನು ಯಾರಿಗೂ ಹೆಸರು ಹಚ್ಚುವುದಿಲ್ಲ. ಮೊದಲು ಯಾವ ಬಾಗಿಲು ತಟ್ಟಬೇಕು ಎಂದು ಹೇಳುತ್ತೇನೆ, ಅಷ್ಟೇ.

ದುಡ್ಡಿನ ಮಾತು. ಕೇಂದ್ರ ತೆರೆದಾಗ ಬಾಲ್ ಪೂಲ್, ಉಯ್ಯಾಲೆ, ಒಂದು ಕಡೆಯಿಂದ ಮಾತ್ರ ಕಾಣುವ ಗಾಜು ಎಂದು ಒಂದು ಲಕ್ಷದ ಮೇಲೆ ಸುರಿದಿದ್ದೆ. ಗುರುತಿಸುವ ಕೆಲಸಕ್ಕೆ ಅವು ಬಂದದ್ದು ಸೊನ್ನೆ. ಹೊಸ ಜಾಗದಲ್ಲಿ ಮಗು ಅರ್ಧ ಗಂಟೆ ಗೋಡೆ ಹಿಡಿದು ನಿಲ್ಲುತ್ತದೆ, ಅದನ್ನು ನೋಡಿ ಏನು ತಿಳಿಯುವುದು? ವಿಡಿಯೊಗೆ ಖರ್ಚಿಲ್ಲ. ಆದರೆ ಆದಾಯವೂ ಬಿತ್ತು. "ಆಟಿಸಂ ಲಕ್ಷಣ ಕಾಣ್ತಿಲ್ಲ, ಕಿವಿಯಲ್ಲಿ ನೀರು ತುಂಬಿರಬಹುದು, ಇಎನ್‌ಟಿಗೆ ತೋರಿಸಿ" ಎಂದರೆ ಅವರು ಮತ್ತೆ ಬರುವುದಿಲ್ಲ. ಮೊದಲೆರಡು ವರ್ಷ ತಿಂಗಳಿಗೆ ಎಂಟು ಹತ್ತು ಸಾವಿರ ಕೈಬಿಟ್ಟಿತು. ಈಗ ಅದೇ ಜನ ಬೇರೆಯವರನ್ನು ಕಳಿಸುತ್ತಾರೆ.

ಹೊರಗೆ ಬೆರಾಗೆ ಎರಡೂವರೆ ಮೂರು ಸಾವಿರ, ಜೊತೆಗೆ ಎರಡು ದಿನದ ಕೂಲಿ. ಮಗು ನಿದ್ದೆಯಲ್ಲಿರುವಾಗ ಮಾಡುವ ಪರೀಕ್ಷೆ ಅದು. ಮೊದಲು ಕಳಿಸಿದ ಐದಾರು ಮಕ್ಕಳಲ್ಲಿ ಇಬ್ಬರು ಪರೀಕ್ಷೆಯಾಗದೇ ವಾಪಸ್ ಬಂದರು. ರೈಲಿನಲ್ಲಿ ಚೆನ್ನಾಗಿ ಮಲಗಿ, ಎಲೆಕ್ಟ್ರೋಡ್ ಅಂಟಿಸುವ ಹೊತ್ತಿಗೆ ಎದ್ದು ಕೂತಿದ್ದರು. ಈಗ ಬೆಳಗಿನ ನಾಲ್ಕಕ್ಕೇ ಎಬ್ಬಿಸಿ, ದಾರಿಯುದ್ದಕ್ಕೂ ಆಟವಾಡಿಸಲು ಮಾವನನ್ನೋ ಚಿಕ್ಕಮ್ಮನನ್ನೋ ಕರೆದೊಯ್ಯಿರಿ, ಹೊಟ್ಟೆ ತುಂಬ ಹಾಲು ಕೊಡುವುದು ಅಲ್ಲಿ ಹೋದ ಮೇಲೆ ಅನ್ನುತ್ತೇನೆ. ಆಮೇಲೆ ಒಬ್ಬರೂ ಬರಿಗೈಲಿ ಬಂದಿಲ್ಲ. ಆಟಿಸಂ ವಾಸಿಯಾಗಲೆಂದು ಸ್ಟೆಮ್ ಸೆಲ್ (ಆಕರ ಕೋಶ) ಚಿಕಿತ್ಸೆಗೆ ಎರಡು ಹಸು ಮಾರಿ, ಸಾಲ ಮಾಡಿ ನಾಲ್ಕು ಲಕ್ಷ ಕಟ್ಟಿ ಬಂದವರೂ ನನ್ನೆದುರು ಕೂತಿದ್ದಾರೆ. ಆಟಿಸಂಗೆ ಅದು ಬೇಡವೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ. ದಯವಿಟ್ಟು ಇದನ್ನು ಮೊದಲ ದಿನವೇ ಹೇಳಿಬಿಡಿ.

ಮೊಬೈಲ್ ಬಿಡಿಸುವ ಪ್ರಯೋಗವನ್ನೂ ಮಾಡಿದೆ. ದಿನಕ್ಕೆ ಐದಾರು ಗಂಟೆ ನೋಡುತ್ತಿದ್ದ ಹದಿನೈದಿಪ್ಪತ್ತು ಮಕ್ಕಳಿಗೆ ಆರು ವಾರ ಪೂರ್ತಿ ಬಂದ್, ಆ ಹೊತ್ತಿನಲ್ಲಿ ಉಪ್ಪುಮೂಟೆ, ಚಪ್ಪಾಳೆಯಾಟ. ಕೆಲವರು ಅರಳಿಬಿಟ್ಟರು. ಆರೇಳು ಮಂದಿಯಲ್ಲಿ ನಿದ್ದೆ ಸುಧಾರಿಸಿತು, ತಿರುಗಿ ನೋಡುವುದು ಬರಲಿಲ್ಲ. ಹಾಗಾಗಿ "ಮೊಬೈಲ್‌ನಿಂದ ಬಂದ ಆಟಿಸಂ" ಎಂಬ ಮಾತನ್ನು ನಾನು ಆಡುವುದಿಲ್ಲ. ಆರು ವಾರ ಕಾಯುತ್ತ ಬೆರಾ ಮುಂದೂಡುವುದೂ ಇಲ್ಲ, ಎರಡೂ ಒಟ್ಟಿಗೆ ನಡೆಯಬೇಕು. ಅಂಗನವಾಡಿಯಲ್ಲಿ ವಿಡಿಯೊ ತೆಗೆಯಲು ಹೋಗಿ ಕೈಸುಟ್ಟುಕೊಂಡೆ, ಗದ್ದಲದಲ್ಲಿ ಏನೂ ಹಿಡಿಯಲಾಗಲಿಲ್ಲ. ಆದರೆ ಅಲ್ಲೊಬ್ಬ ಲಂಬಾಣಿ ತಾಂಡಾದ ಹುಡುಗ ಸಿಕ್ಕಿದ. ಎರಡು ತಿಂಗಳಿಂದ ಮಾತಿಲ್ಲ ಎಂದು ಬರೆದಿದ್ದರು. ಅಜ್ಜಿ ಬಂದು ಕರೆದದ್ದೇ ತಡ, ಮನೆಯ ಲಂಬಾಣಿ ಮಾತಿನಲ್ಲಿ ಒಂದೇ ಸಮನೆ ದೂರು ಹೇಳತೊಡಗಿದ.

ನಿನ್ನೆ ರಾತ್ರಿ ಒಂದು ತುತ್ತಿನ ವಿಡಿಯೊ ಬಂದಿದೆ. ಒಂದು ವರ್ಷ ಹತ್ತು ತಿಂಗಳ ಮಗು, ಸಂಪಿನ ಕಟ್ಟೆ, ಎದುರಿನ ತೆಂಗಿನ ಗರಿಯ ಮೇಲೆ ಕಾಗೆ. ಮಗು ನೋಡಿತು, ತಿರುಗಿತು. ತಿರುಗಿದ್ದು ಅಮ್ಮನ ಮುಖಕ್ಕೋ ಕೈಯಲ್ಲಿದ್ದ ತುತ್ತಿಗೋ, ನಾಲ್ಕು ಸಲ ನಿಧಾನ ಮಾಡಿ ನೋಡಿದರೂ ಗೊತ್ತಾಗಲಿಲ್ಲ. ತಟ್ಟೆ ಪಕ್ಕಕ್ಕಿಟ್ಟು, ಬರಿಗೈಲಿ ಕೂತು ಮತ್ತೊಂದು ತೆಗೆಯಿರಿ ಎಂದು ಅವರಪ್ಪನಿಗೆ ಹೇಳಿದ್ದೇನೆ. ಬೆರಾಗೆ ಚೀಟಿ ಬರೆದುಕೊಟ್ಟಾಗಿದೆ, ಬುಧವಾರ ಹೋಗುತ್ತಾರೆ.