ಯಾರ ಮೆಮ್‌ಕಾಪಿ ಓಡುತ್ತಿದೆ? ಚಾಲಿ ಆರಿಸುವ ಯಂತ್ರ ಕಟ್ಟುವಾಗಿನ ನನ್ನ ಅನುಭವ

ಚಾಲಿ, ಅಂದರೆ ಒಣಗಿಸಿ ಸುಲಿದ ಅಡಿಕೆ, ಅದನ್ನು ಆರಿಸುವ ಕೆಲಸ ನಮ್ಮ ಕಡೆಯವರಿಗೆ ಗೊತ್ತು. ಸುಲಿದ ಅಡಿಕೆಯ ಗುಡ್ಡೆಯ ಮುಂದೆ ಕೂತು ಚಾಲಿ ಬೇರೆ, ಬಿಳೆಗೋಟು ಬೇರೆ, ಕೋಕಾ ಬೇರೆ ಮಾಡುತ್ತ ದಿನಗಟ್ಟಲೆ ಬೆನ್ನು ಬಗ್ಗಿಸಬೇಕು. ಈಗ ಅದಕ್ಕೆ ಜನ ಸಿಗುವುದು ಕಷ್ಟ. ಶಿರಸಿ ಹತ್ತಿರದ ನಮ್ಮೂರಿನಲ್ಲಿ ದೊಡ್ಡಪ್ಪನ ಮಗ ಅಣ್ಣನಿಗಾಗಿ ಒಂದು ಸಣ್ಣ ಯಂತ್ರ ಕಟ್ಟಲು ಕೂತೆ. ಬೆಲ್ಟಿನ ಮೇಲೆ ಅಡಿಕೆ ಸಾಗುತ್ತದೆ, ಮೇಲಿರುವ ಸೆನ್ಸರ್ ಅದನ್ನು ಒಂದೊಂದೇ ಗೆರೆಯಾಗಿ ನೋಡುತ್ತದೆ, ಬೇಡದ್ದನ್ನು ಗಾಳಿಯ ವಾಲ್ವ್ ಪಕ್ಕಕ್ಕೆ ಊದುತ್ತದೆ. ಸೆನ್ಸರ್ ಓದಲು ಎಸ್‌ಟಿಎಂ32 ಎಫ್407 ಎಂಬ ಮೈಕ್ರೋಕಂಟ್ರೋಲರ್ ಬೋರ್ಡ್, ಅಡಿಕೆ ಯಾವ ಬಗೆಯದು ಎಂದು ತೀರ್ಮಾನಿಸಲು ರಾಸ್ಪ್‌ಬೆರಿ ಪೈ 3 ಎಂಬ ಪುಟ್ಟ ಕಂಪ್ಯೂಟರ್.

ಒಂದು ಗೆರೆ ಎಂದರೆ 2048 ಬೈಟ್. ಪ್ರತಿ ಮಿಲಿಸೆಕೆಂಡಿಗೆ ಒಂದು ಗೆರೆ. ಎಫ್407ರ ವೇಗ 168 ಮೆಗಾಹರ್ಟ್ಸ್, ಅಂದರೆ ಒಂದು ಗೆರೆಯ ಕೆಲಸ ಮುಗಿಸಲು 1,68,000 ಸೈಕಲ್ (ಪ್ರೊಸೆಸರಿನ ಗಡಿಯಾರದ ಬಡಿತ) ಸಿಗುತ್ತವೆ. ಸಾಕಷ್ಟಾಯಿತು ಎಂದುಕೊಂಡಿದ್ದೆ. ಆದರೆ ನಡುನಡುವೆ ಗೆರೆಗಳು ಬಿಟ್ಟುಹೋಗುತ್ತಿದ್ದವು. ಎಫ್407ರ ಪ್ರೊಸೆಸರ್ ಕಾರ್ಟೆಕ್ಸ್-ಎಂ4; ಅದರ ಒಳಗೇ ಸೈಕಲ್ ಎಣಿಸುವ ಒಂದು ರಿಜಿಸ್ಟರ್ ಇದೆ. ಕೆಲಸದ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಓದಿ ಕಳೆದರೆ ಲೆಕ್ಕ ಸಿಗುತ್ತದೆ. ಮೆಮೊರಿಯ ಒಂದು ಜಾಗದಿಂದ ಇನ್ನೊಂದಕ್ಕೆ ಬೈಟುಗಳನ್ನು ನಕಲು ಮಾಡುವ, ಸಿ ಭಾಷೆಯ ಲೈಬ್ರರಿಯಲ್ಲಿ ಸಿದ್ಧವಾಗಿರುವ ಫಂಕ್ಷನ್ನೇ ಮೆಮ್‌ಕಾಪಿ. ಹಾಗೆ ನೋಡಿದಾಗ ಒಂದು ಗೆರೆಯ ಮೆಮ್‌ಕಾಪಿಗೇ ಹದಿನಾಲ್ಕು ಸಾವಿರ ಸೈಕಲ್ ಆಸುಪಾಸು. ನನ್ನ ಕೋಡಿನಲ್ಲಿ ಅದೇ ಗೆರೆ ಮೂರು ಸಲ ನಕಲಾಗುತ್ತಿತ್ತು. ಇದ್ದ ಹೊತ್ತಿನ ಕಾಲು ಪಾಲು ಬರಿಯ ನಕಲಿಗೇ ಹೋಗುತ್ತಿತ್ತು.

ಹದಿನಾಲ್ಕು ಸಾವಿರವನ್ನು 2048ರಿಂದ ಭಾಗಿಸಿದರೆ ಬೈಟಿಗೆ ಏಳು ಸೈಕಲ್. ನಾಲ್ಕು ಬೈಟನ್ನು ಒಟ್ಟಿಗೆ ಎತ್ತಬಲ್ಲ ಪ್ರೊಸೆಸರ್ ಒಂದೊಂದೇ ಬೈಟ್ ಎತ್ತಿಡುತ್ತಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಲೈಬ್ರರಿಯದು ನಿಧಾನ, ನಾನೇ ಬರೆಯುತ್ತೇನೆ ಎಂದು ಹೊರಟೆ. ನಾಲ್ಕು ಬೈಟಿನ ಪಾಯಿಂಟರ್, ಮೇಲೆ ಎರಡೂ ಜಾಗ ಒಂದರ ಮೇಲೊಂದು ಬೀಳುವುದಿಲ್ಲ ಎಂದು ಕಂಪೈಲರಿಗೆ ಹೇಳುವ ರಿಸ್ಟ್ರಿಕ್ಟ್, ಒಂದು ಚಿಕ್ಕ ಲೂಪ್. ವೇಗಕ್ಕೆ ಒತ್ತು ಕೊಡುವ ಓ3 ಆಯ್ಕೆ ಹಾಕಿ ಕಂಪೈಲ್ ಮಾಡಿ ಅಳೆದರೆ ಸಂಖ್ಯೆ ಹೆಚ್ಚುಕಡಿಮೆ ಮೊದಲಿನದೇ.

ಅಂದು ಜೋರು ಮಳೆ, ಕರೆಂಟ್ ಇರಲಿಲ್ಲ, ಲ್ಯಾಪ್‌ಟಾಪಿನ ಬ್ಯಾಟರಿ ಮುಗಿಯುವ ಮುನ್ನ ಉತ್ತರ ಬೇಕಿತ್ತು. ಕಂಪೈಲರ್ ಕೊಟ್ಟ ಮಶೀನ್ ಕೋಡ್ ಬಿಡಿಸಿ ನೋಡಿದೆ. ನನ್ನ ಲೂಪ್ ಅಲ್ಲಿ ಇರಲೇ ಇಲ್ಲ! ಅದರ ಜಾಗದಲ್ಲಿ ಮೆಮ್‌ಕಾಪಿಗೆ ಒಂದು ಕರೆ. ಲೂಪನ್ನು ನೋಡಿದ ಜಿಸಿಸಿ ಕಂಪೈಲರ್, ಇದು ನಕಲು ಮಾಡುವ ಲೂಪ್ ಎಂದು ಗುರುತಿಸಿ, ಲೈಬ್ರರಿಯವರು ಚೆನ್ನಾಗಿ ಬರೆದಿರುತ್ತಾರೆ ಎಂಬ ಭರವಸೆಯಲ್ಲಿ ಅದನ್ನು ಮೆಮ್‌ಕಾಪಿಗೆ ಒಪ್ಪಿಸಿತ್ತು. ನಾನು ಬರೆದ ವೇಗದ ನಕಲು ಆ ನಿಧಾನದ ನಕಲನ್ನೇ ಕರೆಯುತ್ತಿತ್ತು.

ಹಾಗಾದರೆ ನನ್ನ ಫಂಕ್ಷನ್ನಿಗೇ ಮೆಮ್‌ಕಾಪಿ ಎಂದು ಹೆಸರಿಟ್ಟರೆ ಲೈಬ್ರರಿಯದರ ಬದಲು ನನ್ನದೇ ಪ್ರೋಗ್ರಾಮಿಗೆ ಸೇರಿ ಲಿಂಕ್ ಆಗುತ್ತದಲ್ಲ ಎಂದು ಹಾಗೆ ಮಾಡಿದೆ. ಬೋರ್ಡ್ ಶುರುವಾದ ಕೂಡಲೇ ಹಾರ್ಡ್‌ಫಾಲ್ಟ್, ಅಂದರೆ ಪ್ರೊಸೆಸರ್ ಮುಂದೆ ಹೋಗಲಾರದೆ ನಿಂತಿತು. ಕಾರಣ ಅದೇ: ಮೆಮ್‌ಕಾಪಿ ಒಳಗಿನ ಲೂಪ್ ಮೆಮ್‌ಕಾಪಿಯನ್ನು ಕರೆಯುತ್ತದೆ, ಅದು ಮತ್ತೆ ತನ್ನನ್ನೇ ಕರೆದುಕೊಳ್ಳುತ್ತದೆ, ಕರೆಗಳ ಲೆಕ್ಕ ಇಡುವ ಸ್ಟ್ಯಾಕ್ ತುಂಬಿ ಹರಿಯುತ್ತದೆ. ಸ್ವಂತ ಮೆಮ್‌ಕಾಪಿ ಬರೆಯುವವರು ಆ ಕಡತವನ್ನು ‘ಎಫ್‌ನೋ-ಟ್ರೀ-ಲೂಪ್-ಡಿಸ್ಟ್ರಿಬ್ಯೂಟ್-ಪ್ಯಾಟರ್ನ್ಸ್’ ಎಂಬ, ಲೂಪನ್ನು ಹೀಗೆ ಬದಲಿಸಬೇಡ ಎನ್ನುವ ಫ್ಲ್ಯಾಗ್ ಹಾಕಿಯೇ ಕಂಪೈಲ್ ಮಾಡಬೇಕು. ಆಮೇಲೆ ಇಂಥ ಬೋರ್ಡುಗಳಿಗೆ ಬಳಸುವ ನ್ಯೂಲಿಬ್ ಎಂಬ ಸಿ ಲೈಬ್ರರಿಯ ಸೋರ್ಸ್ ತೆರೆದಾಗ ಅವರೂ ತಮ್ಮ ಮೆಮ್‌ಕಾಪಿಯ ನೆತ್ತಿಯ ಮೇಲೆ ಇದೇ ಕೆಲಸದ ಒಂದು ಗುರುತು ಹಾಕಿರುವುದು ಕಂಡಿತು. ಮೊದಲೇ ಓದಿದ್ದರೆ ಎರಡು ದಿನ ಉಳಿಯುತ್ತಿತ್ತು.

ಫ್ಲ್ಯಾಗ್ ಹಾಕಿದ ಮೇಲೆ ವೇಗ ಬಂತು. ಇನ್ನೂ ಬೇಕು ಎನ್ನಿಸಿ, ಒಂದೇ ಸೂಚನೆಯಲ್ಲಿ ನಾಲ್ಕು ರಿಜಿಸ್ಟರ್ ತುಂಬುವ ಎಲ್‌ಡಿಎಂ, ಅವನ್ನು ಮೆಮೊರಿಗೆ ಇಡುವ ಎಸ್‌ಟಿಎಂ ಬಳಸಿ ಅಸೆಂಬ್ಲಿಯಲ್ಲಿ, ಈ ಸಲ ಬೇರೆ ಹೆಸರಿಟ್ಟು ಬರೆದು, ಮೆಮ್‌ಕಾಪಿ ಕರೆಗಳನ್ನೆಲ್ಲ ಅದಕ್ಕೆ ತಿರುಗಿಸಿದೆ. ಪರೀಕ್ಷೆಯಲ್ಲಿ ಸೊಗಸಾಗಿ ಓಡಿತು. ಗೆರೆಯನ್ನು ಪೈಗೆ ಕಳಿಸುವ ನಿಜವಾದ ಪ್ಯಾಕೆಟ್ ಕೊಟ್ಟಾಗ ಮತ್ತೆ ಹಾರ್ಡ್‌ಫಾಲ್ಟ್. ನನ್ನ ಪ್ಯಾಕೆಟ್ಟಿನ ಹೆಡರ್ 5 ಬೈಟ್: ಗುರುತಿಗೆ ಒಂದು, ಗೆರೆಯ ಸಂಖ್ಯೆಗೆ ಎರಡು, ಉದ್ದಕ್ಕೆ ಎರಡು. ಹಾಗಾಗಿ ಮಾಹಿತಿ ಶುರುವಾಗುವ ವಿಳಾಸ ನಾಲ್ಕರಿಂದ ಭಾಗವಾಗುತ್ತಿರಲಿಲ್ಲ. ಎಂ4ರಲ್ಲಿ ನಾಲ್ಕು ಬೈಟಿನ ಒಂದೊಂದೇ ಪದ ತರುವ ಎಲ್‌ಡಿಆರ್ ಅಂಥ ವಿಳಾಸವನ್ನು ಸಹಿಸಿಕೊಳ್ಳುತ್ತದೆ, ಎಲ್‌ಡಿಎಂ ಸಹಿಸುವುದಿಲ್ಲ. ಇನ್ನೂ ಚಿಕ್ಕ ಪ್ರೊಸೆಸರ್ ಕಾರ್ಟೆಕ್ಸ್-ಎಂ0 ಆಗಿದ್ದರೆ ಎಲ್‌ಡಿಆರ್ ಕೂಡ ನಡೆಯುತ್ತಿರಲಿಲ್ಲ. ಅಸೆಂಬ್ಲಿ ತಿದ್ದುವ ಬದಲು ಹೆಡರನ್ನೇ 8 ಬೈಟಿಗೆ ಬೆಳೆಸಿದೆ. ಗೆರೆಗೆ ಮೂರು ಬೈಟ್ ಹೆಚ್ಚು ಹೋಗುತ್ತದೆ, ಹೋಗಲಿ. ವೇಗಕ್ಕಾಗಿ ನಾನು ಮಾಡಿದ್ದರಲ್ಲಿ ತೀರಾ ಅಗ್ಗದ ಕೆಲಸ ಇದು, ಫಲ ಕೊಟ್ಟದ್ದೂ ಇದೇ.

ಆ ವಾರ ಕುಮಟಾದಲ್ಲಿರುವ ಸಹಪಾಠಿಯೊಬ್ಬನಿಗೆ ಫೋನ್ ಮಾಡಿದೆ. ಮನೆಯೊಳಗೆ ಸಿಗ್ನಲ್ ಇಲ್ಲ, ಸೊಪ್ಪಿನ ಬೆಟ್ಟದ ದಿಬ್ಬ ಹತ್ತಬೇಕು. ಕತೆಯೆಲ್ಲ ಕೇಳಿದವನು, “ಮಾರಾಯಾ, ಅದೆಲ್ಲ ಇರಲಿ, ಲಿಂಕ್ ಆಗ್ತಾ ಇರೋದು ಯಾರ ಮೆಮ್‌ಕಾಪಿ? ನೋಡಿದ್ಯಾ?” ಎಂದ. ನೋಡಿರಲಿಲ್ಲ. ‘ಸ್ಟ್ಯಾಂಡರ್ಡ್ ಲೈಬ್ರರಿ’ ಎಂದರೆ ಒಂದೇ ವಸ್ತು ಎಂಬಂತೆ ಇಷ್ಟು ವರ್ಷ ಮಾತಾಡುತ್ತ ಬಂದಿದ್ದೆ.

ಕೆಳಗಿಳಿದು, ಯಾವ ಫಂಕ್ಷನ್ ಎಲ್ಲಿಂದ ಬಂತು ಎಂದು ತೋರಿಸುವ ಲಿಂಕರಿನ ಮ್ಯಾಪ್ ಕಡತ ತೆರೆದೆ. ಲಿಂಕ್ ಆಗುತ್ತಿದ್ದದ್ದು ನ್ಯೂಲಿಬ್-ನ್ಯಾನೋ. ಜಾಗ ಉಳಿಸುವುದೇ ಗುರಿಯಾದ ಆವೃತ್ತಿ ಅದು. ಅದರ ಮೆಮ್‌ಕಾಪಿ ಬೇಕೆಂದೇ ಒಂದೊಂದು ಬೈಟ್ ನಕಲು ಮಾಡುವ ಚಿಕ್ಕ ಲೂಪ್. ಹದಿನಾರು ಕೆಬಿ ಫ್ಲ್ಯಾಶ್ ಇರುವ ಚಿಪ್‌ಗೆ ಅದು ಸರಿಯಾದ ತೀರ್ಮಾನವೇ. ನನ್ನ ಬೋರ್ಡಿನಲ್ಲಿ 1 ಎಂಬಿ ಫ್ಲ್ಯಾಶ್ ಖಾಲಿ ಬಿದ್ದಿತ್ತು. ಹಳೆಯ ಪ್ರಾಜೆಕ್ಟ್ ಒಂದರ ಮೇಕ್‌ಫೈಲ್ ಎತ್ತಿ ತಂದಾಗ ನ್ಯಾನೋದ ಆಯ್ಕೆ ಅದರ ಜೊತೆಗೇ ಬಂದಿತ್ತು. ಅದನ್ನು ತೆಗೆದು ಪೂರ್ತಿ ನ್ಯೂಲಿಬ್ ಲಿಂಕ್ ಮಾಡಿದೆ. ಆರ್ಮ್‌ವಿ7-ಎಂ ಬಗೆಯ ಪ್ರೊಸೆಸರಿಗೆಂದೇ ಅಸೆಂಬ್ಲಿಯಲ್ಲಿ ಬರೆದ ಮೆಮ್‌ಕಾಪಿ ಅದರಲ್ಲಿದೆ. ಎಲ್‌ಡಿಆರ್ ಮತ್ತು ಎಸ್‌ಟಿಆರ್ ಸೂಚನೆಗಳನ್ನೇ ಸಾಲಾಗಿ ಬಿಡಿಸಿ, ಒಂದು ಸುತ್ತಿಗೆ 64 ಬೈಟ್ ಸಾಗಿಸುತ್ತದೆ. ಒಂದು ಗೆರೆಯ ನಕಲು ಹದಿನಾಲ್ಕು ಸಾವಿರದಿಂದ ಎರಡು ಸಾವಿರ ಸೈಕಲ್ ಹತ್ತಿರಕ್ಕೆ ಇಳಿಯಿತು. ನನ್ನ ಅಸೆಂಬ್ಲಿಗೂ ಇದಕ್ಕೂ ಇದ್ದ ಅಂತರ ಲೆಕ್ಕಕ್ಕೆ ಹಿಡಿಯುವಷ್ಟಿರಲಿಲ್ಲ. ನನ್ನದು ತಪ್ಪು ವಿಳಾಸಕ್ಕೆ ಬಿದ್ದು ಸಾಯುತ್ತಿತ್ತು, ಅವರದು ಸಾಯುವುದಿಲ್ಲ. ನನ್ನದನ್ನು ಅಳಿಸಿದೆ.

ಅಳಿಸಿದ ಮೇಲೆ ಇನ್ನೊಂದು ಲಾಭ ಕಂಡಿತು. ಎಲ್ಲ ಮೆಮ್‌ಕಾಪಿ ಕರೆಗಳನ್ನೂ ನನ್ನ ಫಂಕ್ಷನ್ನಿಗೆ ತಿರುಗಿಸಿದ್ದೆನಲ್ಲ, ಅದರಲ್ಲಿ ಎರಡು, ನಾಲ್ಕು ಬೈಟಿನ ಪುಟ್ಟ ನಕಲುಗಳೂ ಸೇರಿದ್ದವು. ಉದ್ದ ಎಷ್ಟೆಂದು ಮೊದಲೇ ಗೊತ್ತಿದ್ದರೆ ಕಂಪೈಲರ್ ಅಂಥದ್ದಕ್ಕೆ ಫಂಕ್ಷನ್ ಕರೆಯುವುದೇ ಇಲ್ಲ, ಒಂದು ಲೋಡ್, ಒಂದು ಸ್ಟೋರ್ ಹಾಕಿ ಮುಗಿಸುತ್ತದೆ. ಮೆಮ್‌ಕಾಪಿ ಎಂಬ ಹೆಸರಿನ ಅರ್ಥ ಅದಕ್ಕೆ ಗೊತ್ತು. ನನ್ನ ಫಂಕ್ಷನ್ನಿನ ಹೆಸರು ಅದಕ್ಕೆ ಏನೂ ಹೇಳುತ್ತಿರಲಿಲ್ಲ.

ನಡುವೆ, ಪ್ರೊಸೆಸರಿನ ಕೈ ತಾಗದೆ ಮಾಹಿತಿ ಸಾಗಿಸುವ ಡಿಎಂಎ ಕೂಡ ನೋಡಿದೆ. ಎಫ್407ರಲ್ಲಿ ಮೆಮೊರಿಯಿಂದ ಮೆಮೊರಿಗೆ ಸಾಗಿಸುವುದು ಎರಡನೆಯ ಡಿಎಂಎಗೆ ಮಾತ್ರ ಸಾಧ್ಯ. ಅದರ 192 ಕೆಬಿ ರ‍್ಯಾಮಿನಲ್ಲಿ ಸಿಸಿಎಂ ಎಂಬ 64 ಕೆಬಿ ಪ್ರೊಸೆಸರಿಗೆ ಮಾತ್ರ ಸಿಗುತ್ತದೆ, ಡಿಎಂಎಗೆ ಕಾಣುವುದೇ ಇಲ್ಲ. ವೇಗವಾದ ಜಾಗ ಎಂದು ನಾನು ಬಫರ್ ಇಟ್ಟಿದ್ದು ಅಲ್ಲೇ. ಜಾಗ ಬದಲಿಸುವಷ್ಟು ಅಗತ್ಯ ಆ ಹೊತ್ತಿಗೆ ಉಳಿದಿರಲಿಲ್ಲ.

ಪೈ ಕಡೆಯ ಕತೆ ಬೇರೆ. ಅಲ್ಲಿ 256 ಗೆರೆ ಸೇರಿದರೆ ಒಂದು ಚಿತ್ರ. ಹದಿನಾರು ಹೊಸ ಗೆರೆ ಬಂದಾಗಲೆಲ್ಲ ಇಡೀ ಚಿತ್ರವನ್ನು ಕೆಳಕ್ಕೆ ಸರಿಸಿ ಹೊಸದನ್ನು ಮೇಲೆ ಇಡುತ್ತಿದ್ದೆ. ಅದಕ್ಕೂ ಹಲವು ಬೈಟ್ ಒಟ್ಟಿಗೆ ಎತ್ತುವ ನಿಯಾನ್ ಸೂಚನೆ ಬಳಸಿ 32 ಬಿಟ್ ಅಸೆಂಬ್ಲಿಯಲ್ಲಿ ಸ್ವಂತ ನಕಲು ಬರೆದೆ. 8 ಕೆಬಿಯ ಬಫರನ್ನು ಲಕ್ಷ ಸಲ ನಕಲು ಮಾಡಿ ಅಳೆದರೆ ಅದ್ಭುತ ವೇಗ. ಯಂತ್ರಕ್ಕೆ ಹಾಕಿದರೆ ಏನೂ ವ್ಯತ್ಯಾಸ ಇಲ್ಲ. ರ‍್ಯಾಮಿನ ಮಾಹಿತಿಯನ್ನು ಪ್ರೊಸೆಸರಿನ ಹತ್ತಿರವೇ ಇಟ್ಟುಕೊಳ್ಳುವ ಚಿಕ್ಕ, ವೇಗದ ಮೆಮೊರಿಗೆ ಕ್ಯಾಶ್ ಎನ್ನುತ್ತಾರೆ. ಪೈ 3ರ ಒಂದೊಂದು ಕೋರಿಗೆ ಎಲ್1 ಡೇಟಾ ಕ್ಯಾಶ್ 32 ಕೆಬಿ, ಎಲ್ಲಕ್ಕೂ ಸೇರಿ ಎಲ್2 512 ಕೆಬಿ. ನನ್ನ ಪರೀಕ್ಷೆಯ ಬಫರುಗಳು ಎಲ್1 ಒಳಗೇ ಕೂತಿದ್ದವು. ನಿಜವಾದ ಚಿತ್ರ 2048 ಗುಣಿಸು 256, ಸರಿಯಾಗಿ 512 ಕೆಬಿ. ಅದೊಂದೇ ಎಲ್2 ತುಂಬಿಬಿಡುತ್ತದೆ. ಅಲ್ಲಿ ಹೊತ್ತು ಹೋಗುವುದು ರ‍್ಯಾಮಿನಿಂದ ತರುವುದರಲ್ಲಿ. ಸೂಚನೆ ಎಷ್ಟು ಚಂದ ಬರೆದರೂ ಆ ದಾರಿ ಅಗಲವಾಗುವುದಿಲ್ಲ. ಅಳತೆ ಮಾಡುವಾಗ ಸಿಪಿಯು ವೇಗವನ್ನೂ ಒಂದೇ ಮಟ್ಟದಲ್ಲಿ ನಿಲ್ಲಿಸಿರಬೇಕು. ಕೆಲಸ ಕಡಿಮೆ ಇದ್ದಾಗ ಪೈ ತಾನೇ ನಿಧಾನವಾಗುತ್ತದೆ, ಮೊದಲ ಓಟಕ್ಕೂ ಎರಡನೆಯದಕ್ಕೂ ತಾಳೆಯಾಗುವುದಿಲ್ಲ.

ಇಲ್ಲಿ ಸಹಪಾಠಿಯ ಪ್ರಶ್ನೆ ನೆನಪಾಗಿ, ಲೈಬ್ರರಿಯ ಮೆಮ್‌ಕಾಪಿ ಎಲ್ಲಿ ಓಡುತ್ತಿದೆ ಎಂದು ಪರ್ಫ್ ಎಂಬ ಅಳೆಯುವ ಸಾಧನದಲ್ಲಿ ನೋಡಿದೆ. ಅದು ಲಿನಕ್ಸಿನ ಸಿ ಲೈಬ್ರರಿಯಾದ ಜಿಲಿಬ್‌ಸಿಯದು ಆಗಿರಲೇ ಇಲ್ಲ, ಲಿಬ್‌ಆರ್ಮ್‌ಮೆಮ್ ಎಂಬ ಬೇರೆ ಲೈಬ್ರರಿಯದು. 32 ಬಿಟ್ ರಾಸ್ಪ್‌ಬೆರಿ ಪೈ ಓಎಸ್ ಪ್ರತಿ ಪ್ರೋಗ್ರಾಮಿಗೂ ಮೊದಲೇ ಅದನ್ನು ತೊಡಿಸುತ್ತದೆ, ಈಟಿಸಿ ಫೋಲ್ಡರಿನ ಪ್ರಿಲೋಡ್ ಕಡತದಲ್ಲಿ ಆ ಸಾಲು ಇದೆ. ಅಂದರೆ ನಾನು ಪೈಪೋಟಿ ಮಾಡುತ್ತಿದ್ದದ್ದು ಈ ಬೋರ್ಡಿಗಾಗಿಯೇ ಯಾರೋ ಶ್ರದ್ಧೆಯಿಂದ ಕೈಯಾರೆ ಬರೆದ ಇನ್ನೊಂದು ಮೆಮ್‌ಕಾಪಿಯ ಜೊತೆ! ಆಮೇಲೆ 64 ಬಿಟ್ ಓಎಸ್‌ಗೆ ಬದಲಾದಾಗ ನನ್ನ 32 ಬಿಟ್ ಅಸೆಂಬ್ಲಿ ಕಂಪೈಲ್ ಕೂಡ ಆಗಲಿಲ್ಲ. ಮೆಮ್‌ಕಾಪಿ ಎಂದು ಬರೆದಿದ್ದ ಸಾಲುಗಳೆಲ್ಲ ಹಾಗೇ ಕೆಲಸ ಮಾಡಿದವು. ಇಂಟೆಲ್ ಯಂತ್ರಗಳಲ್ಲೂ ಹೀಗೇ: ಪ್ರೋಗ್ರಾಮ್ ಶುರುವಾಗುವಾಗ ಜಿಲಿಬ್‌ಸಿ ಪ್ರೊಸೆಸರನ್ನು ನೋಡಿ, ತನ್ನ ಹತ್ತಿರ ಇರುವ ಹಲವು ಮೆಮ್‌ಕಾಪಿಗಳಲ್ಲಿ ಅದಕ್ಕೆ ಒಪ್ಪುವ ಒಂದನ್ನು ಆರಿಸುತ್ತದೆ. ಇವತ್ತು ನಾನು ಬರೆದದ್ದು ನಾಳಿನ ಪ್ರೊಸೆಸರಿಗೆ ತಾನಾಗಿ ಬದಲಾಗುವುದಿಲ್ಲ.

ಆದರೆ 32 ಬಿಟ್ ಇದ್ದಾಗಲೇ ನನ್ನ ನಕಲು ಅದಕ್ಕಿಂತ ದೊಡ್ಡ ಹಾನಿ ಮಾಡಿತ್ತು. ಒಂದು ಬೆಳಿಗ್ಗೆ ಅಣ್ಣ ಬಂದು, “ಒಳ್ಳೆ ಅಡಕೆನೂ ಆಚಿಗೆ ಊದ್ತಾ ಇದ್ದಲೋ ತಮಾ” ಎಂದ. ಚಿತ್ರ ತೆಗೆದು ನೋಡಿದರೆ ಮೇಲಿನ ಹದಿನಾರು ಗೆರೆಗಳೇ ಪಟ್ಟೆ ಪಟ್ಟೆಯಾಗಿ ಕೆಳಗಿನವರೆಗೆ ಮರುಕಳಿಸಿದ್ದವು. ಕೆಳಕ್ಕೆ ಸರಿಸುವಾಗ ಮೂಲ ಮತ್ತು ಗುರಿ ಒಂದರ ಮೇಲೊಂದು ಬೀಳುತ್ತವೆ. ಮೊದಲಿನಿಂದ ನಕಲು ಮಾಡುತ್ತ ಹೋದರೆ ಇನ್ನೂ ಓದಬೇಕಾದ ಗೆರೆಯ ಮೇಲೆಯೇ ಬರೆದಿರುತ್ತೇವೆ. ಹಳೆಯ ಕೋಡಿನಲ್ಲಿ ಇದಕ್ಕೆ, ಜಾಗಗಳು ಒಂದರ ಮೇಲೊಂದು ಬಿದ್ದರೂ ಸರಿಯಾಗಿ ನಕಲು ಮಾಡುವ ಮೆಮ್‌ಮೂವ್ ಇತ್ತು; ವೇಗದ ಹುಮ್ಮಸ್ಸಿನಲ್ಲಿ ನಾನೇ ಅದನ್ನು ಕಿತ್ತು ನನ್ನ ನಕಲು ಹಾಕಿದ್ದೆ.

ಇದು ಲೈಬ್ರರಿ ಬರೆಯುವವರಿಗೂ ತಟ್ಟಿದ ವಿಷಯ. 2010ರಲ್ಲಿ ಫೆಡೋರಾ 14 ಎಂಬ ಲಿನಕ್ಸ್ ಆವೃತ್ತಿಯಲ್ಲಿ ಜಿಲಿಬ್‌ಸಿಯ ಹೊಸ ಮೆಮ್‌ಕಾಪಿ ಕೆಲವು ಇಂಟೆಲ್ ಪ್ರೊಸೆಸರುಗಳಲ್ಲಿ ಕೊನೆಯ ಬೈಟಿನಿಂದ ಮೊದಲಿನದರ ಕಡೆಗೆ ನಕಲು ಮಾಡತೊಡಗಿತು. ಒಂದರ ಮೇಲೊಂದು ಬೀಳುವ ಬಫರುಗಳಿಗೆ ಮೆಮ್‌ಕಾಪಿ ಬಳಸಿದ್ದ, ಬ್ರೌಸರಿನಲ್ಲಿ ವೀಡಿಯೊ ಓಡಿಸುವ ಫ್ಲ್ಯಾಶ್ ಪ್ಲೇಯರಿನ ಧ್ವನಿ ಕೆಟ್ಟಿತು. ನಿಯಮದ ಪ್ರಕಾರ ತಪ್ಪು ಬಳಸಿದವರದೇ, ಆದರೂ ಬಳಕೆದಾರರ ದೃಷ್ಟಿಯಿಂದ ಇದು ಸರಿಯಲ್ಲ ಎಂದು ಲಿನಕ್ಸ್ ಶುರುಮಾಡಿದ ಲಿನಸ್ ಟೊರ್ವಾಲ್ಡ್ಸ್ ವಾದಿಸಿದರು. ಕೊನೆಗೆ ಜಿಲಿಬ್‌ಸಿ 2.14ರಲ್ಲಿ ಹಳೆಯ ಪ್ರೋಗ್ರಾಮುಗಳಿಗೆ ಹಳೆಯ ರೀತಿಯ, ಹೊಸದಕ್ಕೆ ಹೊಸ ರೀತಿಯ ಮೆಮ್‌ಕಾಪಿ ಸಿಗುವಂತೆ ಮಾಡಿದರು. ಅಷ್ಟು ಕಾಳಜಿ ಇರುವವರ ಕೆಲಸವನ್ನು ಒಂದು ರಾತ್ರಿಯಲ್ಲಿ ಮೀರಿಸುತ್ತೇನೆ ಎನ್ನುವ ಮುನ್ನ ಇನ್ನೊಮ್ಮೆ ಯೋಚಿಸಬೇಕು.

ಕೊನೆಗೆ ಪೈಯಲ್ಲಿ ಉಳಿದದ್ದು ನನ್ನ ನಕಲೂ ಅಲ್ಲ, ಮೆಮ್‌ಮೂವ್ ಕೂಡ ಅಲ್ಲ. ಚಿತ್ರವನ್ನು ಸರಿಸುವುದನ್ನೇ ಬಿಟ್ಟೆ. ಗೆರೆಗಳನ್ನು ತುದಿ ಮುಟ್ಟಿದ ಮೇಲೆ ಮತ್ತೆ ಮೊದಲಿನಿಂದ ತುಂಬುವ ಸುತ್ತು ಬಫರಿನಲ್ಲಿಟ್ಟು, ಮೊದಲ ಗೆರೆ ಎಲ್ಲಿದೆ ಎಂಬ ಒಂದು ಸಂಖ್ಯೆಯನ್ನಷ್ಟೇ ಮುಂದೂಡುತ್ತೇನೆ. ಬೋರ್ಡಿನಲ್ಲೂ ಮೂರು ನಕಲುಗಳಲ್ಲಿ ಎರಡು ಬೇಡವೇ ಬೇಡವಾಗಿದ್ದವು.

ಉಳಿದ ಒಂದಕ್ಕೆ ಮಾತ್ರ ಈಗಲೂ ಸ್ವಂತ ಫಂಕ್ಷನ್ ಇದೆ, ಅದನ್ನು ಅಳಿಸುವ ಯೋಚನೆ ಇಲ್ಲ. ಸೆನ್ಸರಿನ ಮೇಲೆ ಬೆಳಕು ಬೀಳದಿದ್ದಾಗಲೂ ಪ್ರತಿ ಪಿಕ್ಸೆಲ್ ಒಂದಿಷ್ಟು ಬೆಲೆ ತೋರಿಸುತ್ತದೆ, ಅದನ್ನು ಕಳೆಯಬೇಕು. ಮೊದಲು ಮೆಮ್‌ಕಾಪಿ, ಆಮೇಲೆ ಕಳೆಯುವ ಲೂಪ್ ಎಂದು ಎರಡು ಸುತ್ತು ಹೊಡೆಯುತ್ತಿದ್ದೆ. ಎಂ4ರಲ್ಲಿ ಯುಕ್ಯೂಸಬ್8 ಎಂಬ ಸೂಚನೆ ನಾಲ್ಕು ಪಿಕ್ಸೆಲ್‌ಗಳನ್ನು ಒಟ್ಟಿಗೆ ಕಳೆಯುತ್ತದೆ, ಸೊನ್ನೆಗಿಂತ ಕೆಳಗಿಳಿಯದಂತೆ ತಡೆಯುತ್ತದೆ. ಸೆನ್ಸರಿನ ಬಫರಿನಿಂದ ಓದು, ಕಳೆ, ಪ್ಯಾಕೆಟ್ಟಿನಲ್ಲಿ ಇಡು: ಎಲ್ಲ ಒಂದೇ ಸುತ್ತಿನಲ್ಲಿ. ಇದನ್ನು ಯಾವ ಲೈಬ್ರರಿಯ ಮೆಮ್‌ಕಾಪಿಯೂ ಮಾಡಿಕೊಡುವುದಿಲ್ಲ, ಯಾಕೆಂದರೆ ಇದು ಬರಿಯ ನಕಲಲ್ಲ. 1983ರಲ್ಲಿ ಟಾಮ್ ಡಫ್ ಬಿಡಿಸಿ ಬರೆದ ಪ್ರಸಿದ್ಧ ಲೂಪ್ ಕೂಡ ಮೆಮೊರಿಯಿಂದ ಮೆಮೊರಿಗೆ ನಕಲು ಮಾಡುತ್ತಿರಲಿಲ್ಲ. ಬದಲಾಗದ ಒಂದೇ ರಿಜಿಸ್ಟರಿಗೆ ಮತ್ತೆ ಮತ್ತೆ ಬರೆಯುತ್ತಿತ್ತು. ಅದೂ ಮೆಮ್‌ಕಾಪಿಯ ಕೆಲಸವಲ್ಲ.

ಆ ಫಂಕ್ಷನ್ನಿನ ಮೇಲೆ ನಾಲ್ಕು ಸಾಲಿನ ಟಿಪ್ಪಣಿ ಬರೆದಿಟ್ಟಿದ್ದೇನೆ: ಯಾವ ಬೋರ್ಡ್, ಯಾವ ಕಂಪೈಲರ್, ಯಾವ ಲೈಬ್ರರಿಯ ಎದುರು ಅಳೆದದ್ದು, ಎಷ್ಟು ಸೈಕಲ್. ಈಗ ಮೇಜಿನ ಮೇಲೆ ಕಾರ್ಟೆಕ್ಸ್-ಎಂ7ರ ಹೊಸ ಬೋರ್ಡ್ ಬಂದು ಕೂತಿದೆ. ಅದರಲ್ಲಿ ಡೇಟಾ ಕ್ಯಾಶ್ ಇರುವುದರಿಂದ ಡಿಎಂಎ ಬರೆದದ್ದನ್ನು ಓದುವ ಮುನ್ನ ಕ್ಯಾಶಿನ ಹಳೆಯ ಪ್ರತಿಯನ್ನು ತೆಗೆಸಬೇಕು, ಹಳೆಯ ಸಂಖ್ಯೆಗಳು ಯಾವುವೂ ಅದಕ್ಕೆ ಹೊಂದುವುದಿಲ್ಲ. ಕೊನೆಕೊಯ್ಲು ಮುಗಿದು, ಚಾಲಿ ಒಣಗಿ, ಸುಲಿಯಲು ಕೂರುವುದರೊಳಗೆ ಅದನ್ನೂ ಅಳೆದು ಮುಗಿಸಬೇಕು ಎಂದು ಅಣ್ಣನಿಗೆ ಮಾತು ಕೊಟ್ಟಿದ್ದೇನೆ.