ಮೊದಲು ಬಿಡಿಸಬೇಕು, ಆಮೇಲೆ ಸೇರಿಸಬೇಕು: ಹೃದಯದ ಕ್ಯಾಲ್ಸಿಯಂ ಚಾನೆಲ್ ಮೇಲೆ ಕ್ಯಾಲ್ಮೊಡ್ಯುಲಿನ್ ಹಿಡಿತ ಅಳೆಯುವ ಬಗೆ

ಹೃದಯ ಸ್ನಾಯುಕೋಶದ ಕ್ಯಾಲ್ಸಿಯಂ ಕಣಜವಾದ ಸಾರ್ಕೋಪ್ಲಾಸ್ಮಿಕ್ ರೆಟಿಕ್ಯುಲಂನಿಂದ ಕ್ಯಾಲ್ಸಿಯಂ ಹೊರಬಿಡುವ ಬಾಗಿಲು ರಯನೊಡೀನ್ ರಿಸೆಪ್ಟರ್-2. ನಾಲ್ಕು ಉಪಘಟಕ, ಒಂದೊಂದೂ ಸುಮಾರು 565 ಕಿಲೋಡಾಲ್ಟನ್; ಪ್ರತಿಯೊಂದಕ್ಕೂ ಒಂದು ಕ್ಯಾಲ್ಮೊಡ್ಯುಲಿನ್ (ಕ್ಯಾಲ್ಸಿಯಂ ಹಿಡಿಯುವ ಸಣ್ಣ ಪ್ರೋಟೀನ್) ಅಂಟಿ ಬಾಗಿಲನ್ನು ಮುಚ್ಚುವ ಕಡೆ ಎಳೆಯುತ್ತದೆ. ಆ ಎಳೆತವನ್ನು ನಾನು ಟ್ರಿಟಿಯಂ (ವಿಕಿರಣಶೀಲ ಹೈಡ್ರೋಜನ್) ಹಚ್ಚಿದ ರಯನೊಡೀನ್ ಎಂಬ ಸಸ್ಯಜನ್ಯ ರಾಸಾಯನಿಕದಿಂದ ಅಳೆಯುತ್ತೇನೆ. ಅದು ತೆರೆದ ಚಾನೆಲ್‌ಗೇ ಹೆಚ್ಚು ಅಂಟುತ್ತದೆ, ಹಾಗಾಗಿ ವಿಕಿರಣದ ಎಣಿಕೆ ಕುಸಿದರೆ ಬಾಗಿಲು ಮುಚ್ಚಿದೆ ಎಂದರ್ಥ.

ಕ್ಯಾಲ್ಮೊಡ್ಯುಲಿನ್ ಸೇರಿಸುವುದು ಸುಲಭ. ಮೊದಲೇ ಕೂತಿರುವುದನ್ನು ಎಬ್ಬಿಸುವುದೇ ಕಷ್ಟ. ಹಾಗೇ ಬಿಟ್ಟರೆ, ಇನ್ನೊಂದು ಮೈಕ್ರೋಮೋಲಾರ್ ಹಾಕಿದರೂ ವ್ಯತ್ಯಾಸ ಕಾಣದೆ 'ಪರಿಣಾಮವಿಲ್ಲ' ಎಂದು ಮೋಸ ಹೋಗುತ್ತೇವೆ. ಕ್ಯಾಲ್ಮೊಡ್ಯುಲಿನ್ ಹಿಡಿಯುವ ಪೆಪ್ಟೈಡ್‌ನಲ್ಲಿ (ಸಿಎಎಂಕೆ-2 ಕಿಣ್ವದ 290–309ನೇ ಅಮೈನೋ ಆಮ್ಲಗಳ ಭಾಗ) ವೆಸಿಕಲ್‌ಗಳನ್ನು (ರೆಟಿಕ್ಯುಲಂ ಒಡೆದಾಗ ಸಿಗುವ ಪೊರೆಯ ಗುಳ್ಳೆಗಳನ್ನು) ಅರ್ಧ ಗಂಟೆ ಇಟ್ಟು, ಸಕ್ಕರೆ ದ್ರಾವಣದ ಪದರದ ಮೂಲಕ ಸೆಂಟ್ರಿಫ್ಯೂಜ್‌ನಲ್ಲಿ 1,00,000 ಜಿ (ಗುರುತ್ವದ ಲಕ್ಷ ಪಟ್ಟು) ಬಲದಲ್ಲಿ ಇಳಿಸಿ ಪೆಪ್ಟೈಡ್‌ನಿಂದ ಬೇರ್ಪಡಿಸುತ್ತೇನೆ. ಪೆಪ್ಟೈಡ್ ಉಳಿದರೆ ಮುಂದೆ ಹಾಕುವ ಕ್ಯಾಲ್ಮೊಡ್ಯುಲಿನ್ನನ್ನೇ ಅದು ಕಬಳಿಸುತ್ತದೆ.

ಬಫರ್: 125 ಮಿಲಿಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್, 20 ಮಿಲಿಮೋಲಾರ್ ಇಮಿಡಜೋಲ್, ಪಿಎಚ್ 7.0, 5 ಮಿಲಿಮೋಲಾರ್ ಅಪಕರ್ಷಿತ ಗ್ಲುಟಥಯೋನ್, ಪ್ರೋಟಿಯೇಸ್ ತಡೆಕಾರಕ, 2.5 ನ್ಯಾನೋಮೋಲಾರ್ ರಯನೊಡೀನ್. 24 ಡಿಗ್ರಿಯಲ್ಲಿ 20 ಗಂಟೆ. ಇಷ್ಟು ಕಡಿಮೆ ಸಾಂದ್ರತೆಯಲ್ಲಿ ಸಮತೋಲನ ನಿಧಾನ, ಅವಸರ ಸಲ್ಲದು. ಗ್ಲುಟಥಯೋನ್ ಬಿಟ್ಟರೆ ಚಾನೆಲ್ ಉತ್ಕರ್ಷಿತವಾಗಿ ಕ್ಯಾಲ್ಮೊಡ್ಯುಲಿನ್ ಹಿಡಿತ ಸಡಿಲುತ್ತದೆ. ಎಣಿಕೆ ಹೆಚ್ಚಲಿ ಎಂದು ಉಪ್ಪನ್ನು 1 ಮೋಲಾರ್‌ಗೆ ಏರಿಸುವ ಆಸೆಯಾಗುತ್ತದೆ. ನಾನಂತೂ ಬೇಡವೆನ್ನುತ್ತೇನೆ, ಅಳೆಯಬೇಕಾದ ನಿಯಂತ್ರಣವೇ ಮಸುಕಾಗುತ್ತದೆ.

ಹೆಚ್ಚು ಮಂದಿ ಎಡವುವುದು ಮುಕ್ತ ಕ್ಯಾಲ್ಸಿಯಂ ಲೆಕ್ಕದಲ್ಲಿ. ಬಫರ್‌ನಲ್ಲಿ ಮುಕ್ತ ಕ್ಯಾಲ್ಸಿಯಂ ಎಷ್ಟಿರಬೇಕೆಂದು ನಿಗದಿ ಮಾಡುವುದು ಇಜಿಟಿಎ, ಅಂದರೆ ಕ್ಯಾಲ್ಸಿಯಂ ಹಿಡಿದಿಡುವ ರಾಸಾಯನಿಕ. ಅದಕ್ಕೆ ಕ್ಯಾಲ್ಸಿಯಂ ಹನಿಸುತ್ತಾ ಪಿಎಚ್ ಮೀಟರ್ ನೋಡಿ: ಕಣ್ಣೆದುರೇ 7.00 ಇಂದ 6.9ರತ್ತ ಜಾರುತ್ತದೆ, ಏಕೆಂದರೆ ಪ್ರತಿ ಕ್ಯಾಲ್ಸಿಯಂ ಕೂರುವಾಗ ಎರಡು ಪ್ರೋಟಾನ್ ಹೊರಬೀಳುತ್ತವೆ. ಪಿಎಚ್ 0.1 ಕುಸಿದರೆ ಮುಕ್ತ ಕ್ಯಾಲ್ಸಿಯಂ ಸುಮಾರು 1.6 ಪಟ್ಟಾಗುತ್ತದೆ. ಎಲ್ಲ ಬೆರೆಸಿದ ಮೇಲೆ ಮತ್ತೆ ಪಿಎಚ್ ಸರಿಪಡಿಸಲೇಬೇಕು.

ಕೊನೆಗೆ, 2% ಪಾಲಿಎಥಿಲೀನ್‌ಇಮೈನ್‌ನಲ್ಲಿ ನೆನೆಸಿದ ಜಿಎಫ್/ಬಿ ಫಿಲ್ಟರ್ (ಗಾಜಿನ ನಾರಿನ ಸೋಸುಹಾಳೆ) ಮೇಲೆ ಸೋಸಿ, 5 ಮಿ.ಲೀ. ತಣ್ಣನೆಯ ಬಫರ್‌ನಿಂದ ಮೂರು ತೊಳೆತ. ಟ್ರಿಟಿಯಂ ಹಚ್ಚದ ರಯನೊಡೀನ್ ಸಾವಿರ ಪಟ್ಟು ಹಾಕಿದ ಟ್ಯೂಬ್‌ನ ಎಣಿಕೆಯನ್ನು ಕಳೆಯಬೇಕು; ಅದು ಚಾನೆಲ್ ಬಿಟ್ಟು ಬೇರೆಡೆ ಅಂಟಿದ್ದರ ಲೆಕ್ಕ.

ಇದೇ ಚಾನೆಲ್‌ಗೆ ಅಂಟುವ ಇನ್ನೊಂದು ಪ್ರೋಟೀನ್ ಎಫ್‌ಕೆಬಿಪಿ12.6ಕ್ಕೂ ಇದೇ ನಿಯಮ: ಎಫ್‌ಕೆ506 ಎಂಬ ಔಷಧದಿಂದ ಬಿಡಿಸಿ, ನಿಜಕ್ಕೂ ಹೋಯಿತೇ ಎಂದು ಬ್ಲಾಟ್‌ನಲ್ಲಿ (ಆಂಟಿಬಾಡಿಯಿಂದ ಪ್ರೋಟೀನ್ ಗುರುತಿಸುವ ಪರೀಕ್ಷೆ) ನೋಡಿ. ಅದರ ಸೋದರ ಪ್ರೋಟೀನ್ ಎಫ್‌ಕೆಬಿಪಿ12 ಕೂಡ ಹೆಚ್ಚುಕಡಿಮೆ ಅದೇ ಗಾತ್ರದ್ದು, ಆಂಟಿಬಾಡಿ ಎರಡನ್ನೂ ಹಿಡಿಯುತ್ತದೆಯೇ ಎಂದು ಶುದ್ಧ ಪ್ರೋಟೀನ್ ಇಟ್ಟು ಖಚಿತಪಡಿಸಿಕೊಳ್ಳಿ. ರೆಟಿಕ್ಯುಲಂ ಒಳಗೆ ಕ್ಯಾಲ್ಸಿಯಂ ಹಿಡಿದಿಡುವ ಕ್ಯಾಲ್ಸೀಕ್ವೆಸ್ಟ್ರಿನ್ ಪ್ರೋಟೀನ್‌ನ ಕೆಲಸ ಮಾತ್ರ ಈ ವಿಧಾನಕ್ಕೆ ದಕ್ಕದು. ವೆಸಿಕಲ್ ಒಳಗಿನ ಕ್ಯಾಲ್ಸಿಯಂ ನಮ್ಮ ಕೈಯಲ್ಲಿರುವುದಿಲ್ಲ. ಅದಕ್ಕೆ ಎರಡೂ ಬದಿಯ ದ್ರಾವಣ ಬದಲಿಸಬಲ್ಲ ಲಿಪಿಡ್ ದ್ವಿಪದರವೇ ಬೇಕು.