ಫಿಟ್ಸ್ ಮಾತ್ರೆ ಜಾಸ್ತಿಯಾದಾಗ: ಮೊದಲ ರಿಪೋರ್ಟ್ ನೋಡಿ ಮನೆಗೆ ಕಳಿಸಬೇಡಿ

ತೂರಾಡುತ್ತಾ, ತೊದಲುತ್ತಾ ಬಂದವರನ್ನು ಕುಡಿದಿದ್ದಾರೆ ಅಂದುಕೊಂಡು ಸುಮ್ನೆ ಮೂಲೆಯಲ್ಲಿ ಮಲಗಿಸುವುದನ್ನು ತುರ್ತು ಘಟಕದಲ್ಲಿ ಎಷ್ಟೋ ಸಲ ನೋಡಿದ್ದೇನೆ. ನಾಲ್ಕು ಗಂಟೆ ಕಳೆದ ಮೇಲೆ ಯಾರೋ ಸಂಬಂಧಿಕರು ಬಂದು, ‘ಇವರು ಫಿಟ್ಸ್‌ಗೆ ಮಾತ್ರೆ ತಗೋತಾರೆ’ ಎನ್ನುತ್ತಾರೆ. ಅದನ್ನು ಬಾಗಿಲಲ್ಲೇ ಕೇಳಬೇಕಿತ್ತು, ಅಲ್ವಾ?

ಮನೆಯಲ್ಲಿ ಮಾಡಬೇಕಾದದ್ದು ಕಡಿಮೆ. ಬಾಯಿಗೆ ಬೆರಳು ಹಾಕಿ ವಾಂತಿ ಮಾಡಿಸಬೇಡಿ. ಮಂಪರಿನಲ್ಲಿದ್ದರೆ ಮಗ್ಗುಲಾಗಿ ಮಲಗಿಸಿ. ಖಾಲಿ ಸ್ಟ್ರಿಪ್, ಬಾಟಲಿ ಎಲ್ಲವನ್ನೂ ತೆಗೆದುಕೊಂಡು ಆಸ್ಪತ್ರೆಗೆ ಹೊರಡಿ.

ಆಸ್ಪತ್ರೆಯಲ್ಲಿ ಉಸಿರು, ಬಿಪಿ, ರಕ್ತದ ಸಕ್ಕರೆ, ಇಸಿಜಿ. ಬೇರೆ ಮಾತ್ರೆಯನ್ನೂ ನುಂಗಿರಬಹುದು, ಹಾಗಾಗಿ ಪ್ಯಾರಾಸಿಟಮಾಲ್ ಮಟ್ಟವನ್ನೂ ನೋಡಿ. ಮೂತ್ರದ ಡ್ರಗ್ ಕಿಟ್ ನಂಬಿ ಕೂರಬೇಡಿ. ಫಿಟ್ಸ್ ಮಾತ್ರೆಗಳಾದ ಫೆನಿಟಾಯಿನ್, ವ್ಯಾಲ್ಪ್ರೊಯೇಟ್ ಅದಕ್ಕೆ ಕಾಣುವುದೇ ಇಲ್ಲ. ಇನ್ನೊಂದು ಫಿಟ್ಸ್ ಮಾತ್ರೆ ಕಾರ್ಬಮಜೆಪೈನ್ ಇದ್ದರೆ ಖಿನ್ನತೆಯ ಹಳೆಯ ಮಾತ್ರೆ ಎಂದು ತಪ್ಪು ತೋರಿಸಬಹುದು.

ಮುಂದೆ ಕಣ್ಣು. ರೋಗಿಯ ಮುಂದೆ ಬೆರಳನ್ನು ನಿಧಾನವಾಗಿ ಪಕ್ಕಕ್ಕೆ ಸರಿಸಿ. ಕಣ್ಣುಗುಡ್ಡೆ ಅದುರಿದರೆ ಫೆನಿಟಾಯಿನ್ ಅಥವಾ ಕಾರ್ಬಮಜೆಪೈನ್ ನೆನಪಾಗಬೇಕು. ರಕ್ತದಲ್ಲಿ ಫೆನಿಟಾಯಿನ್ ಮಟ್ಟ ಮಿಲಿಲೀಟರಿಗೆ 10ರಿಂದ 20 ಮೈಕ್ರೋಗ್ರಾಂ ಇರಬೇಕು. 20 ದಾಟಿದರೆ ಸಾಮಾನ್ಯವಾಗಿ ಕಣ್ಣು ಅದುರುತ್ತದೆ, 30 ದಾಟಿದರೆ ನಡಿಗೆ ತಪ್ಪುತ್ತದೆ, 40 ದಾಟಿದರೆ ಗೊಂದಲ, ಮಂಪರು. ವ್ಯಾಲ್ಪ್ರೊಯೇಟ್ ಆದರೆ ರಕ್ತದ ಅಮೋನಿಯಾ ನೋಡಲೇಬೇಕು. ಲಿವರ್ ಪರೀಕ್ಷೆ ಸರಿ ಬಂದರೂ ಅಮೋನಿಯಾ ಏರಿ ಪ್ರಜ್ಞೆ ತಪ್ಪಿಸಬಲ್ಲದು.

ಜನ ಎಡವುವುದು ಇಲ್ಲಿಂದ ಮುಂದೆ. ಮೊದಲ ರಿಪೋರ್ಟ್ ಸಾಧಾರಣ ಬಂತು, ರೋಗಿ ಮಾತಾಡುತ್ತಿದ್ದಾರೆ, ಮನೆಗೆ ಕಳಿಸಿದರು. ಮರುದಿನ ಅದೇ ರೋಗಿ ಉಸಿರಾಡಲು ಕಷ್ಟಪಡುತ್ತಾ ಬರುತ್ತಾರೆ. ಕಾರ್ಬಮಜೆಪೈನ್ ಕರುಳಿನ ಚಲನೆಯನ್ನೇ ನಿಧಾನ ಮಾಡುತ್ತದೆ. ಮಾತ್ರೆಗಳು ಒಳಗೆ ಮುದ್ದೆಯಾಗಿ ಕೂತು ಸ್ವಲ್ಪಸ್ವಲ್ಪವೇ ಕರಗುತ್ತವೆ. ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಯಾದರೆ ಇನ್ನೂ ತಡ. ಫೆನಿಟಾಯಿನ್ ಮಟ್ಟ ಒಂದು ದಿನದ ನಂತರವೂ ಏರಬಹುದು. ಅದನ್ನು ಹೊರಹಾಕಲು ಲಿವರಿಗೆ ಒಂದು ಮಿತಿ ಇದೆ. ಮಿತಿ ದಾಟಿದ ಮೇಲೆ ಇಳಿಯಲು ದಿನಗಳೇ ಹಿಡಿಯುತ್ತವೆ. ಅದಕ್ಕೇ 4ರಿಂದ 6 ಗಂಟೆಗೊಮ್ಮೆ ಮಟ್ಟ ನೋಡಿ. ಎರಡು ಸಲ ಸತತವಾಗಿ ಇಳಿದು, ರೋಗಿ ನೆಟ್ಟಗೆ ನಡೆಯುವವರೆಗೆ ನಾನಂತೂ ಬಿಡುವುದಿಲ್ಲ. ಇನ್ನೊಂದು ಮಾತು: ರಕ್ತದ ಪ್ರೋಟೀನ್ ಆದ ಅಲ್ಬುಮಿನ್ ಕಡಿಮೆ ಇದ್ದವರಲ್ಲಿ ಫೆನಿಟಾಯಿನ್‌ನ ಒಟ್ಟು ಮಟ್ಟ ಸರಿಯಾಗಿ ಕಂಡರೂ ವಿಷ ಏರಿರಬಹುದು. ಆಗ ಅಂಕಿ ಬಿಟ್ಟು ರೋಗಿಯನ್ನು ನೋಡಿ.

ಚಿಕಿತ್ಸೆಯಲ್ಲಿ ಉಸಿರಿನ ದಾರಿ ಕಾಪಾಡುವುದೇ ದೊಡ್ಡ ಕೆಲಸ. ಮಾತ್ರೆ ನುಂಗಿ ಒಂದು ಗಂಟೆಯೊಳಗೆ ಬಂದು, ಎಚ್ಚರವಿದ್ದರೆ ಮಾತ್ರೆಯನ್ನು ಹೀರಿಕೊಳ್ಳುವ ಇದ್ದಿಲ ಪುಡಿ, ಅಂದರೆ ಆಕ್ಟಿವೇಟೆಡ್ ಚಾರ್ಕೋಲ್ ಕೊಡಬಹುದು, ದೊಡ್ಡವರಿಗೆ 50 ಗ್ರಾಂ. ಗ್ಯಾಸಿಗೆಂದು ಸಿಗುವ ಇದ್ದಿಲ ಮಾತ್ರೆ ಇದಕ್ಕೆ ಏನೇನೂ ಸಾಲದು. ಕಾರ್ಬಮಜೆಪೈನ್, ಫಿನೋಬಾರ್ಬಿಟಲ್‌ಗೆ ಮತ್ತೆಮತ್ತೆ ಚಾರ್ಕೋಲ್ ಕೊಡುವುದುಂಟು, ಕರುಳು ಓಡುತ್ತಿದ್ದರೆ ಮಾತ್ರ. ಇಸಿಜಿಯಲ್ಲಿ ಹೃದಯದ ಕೆಳಕೋಣೆಗಳ ಬಡಿತ ತೋರಿಸುವ ಭಾಗ, ಅಂದರೆ ಕ್ಯೂಆರ್‌ಎಸ್ ಅಗಲವಾದರೆ ಸೋಡಿಯಂ ಬೈಕಾರ್ಬನೇಟ್. ಕಾರ್ಬಮಜೆಪೈನ್, ಲ್ಯಾಮೋಟ್ರಿಜಿನ್ ಎರಡರಲ್ಲೂ ಇದು ಆಗಬಹುದು. ವ್ಯಾಲ್ಪ್ರೊಯೇಟ್‌ನಿಂದ ಅಮೋನಿಯಾ ಏರಿ ಮಂಪರಾದರೆ ಎಲ್-ಕಾರ್ನಿಟಿನ್ ಎಂಬ ಔಷಧಿ. ಕೋಮಾ ಗಟ್ಟಿಯಾಗುತ್ತಿದ್ದರೆ ಡಯಾಲಿಸಿಸ್ ಇರುವ ಕಡೆಗೆ ಬೇಗ ಫೋನ್ ಮಾಡಿ.

ಫಿಟ್ಸ್ ಮಾತ್ರೆ ಜಾಸ್ತಿಯಾದರೂ ಫಿಟ್ಸ್ ಬರುತ್ತದೆ! ಬಂದರೆ ಲೊರಾಜೆಪಮ್ ಅಥವಾ ಮಿಡಜೋಲಮ್ ಕೊಡಿ, ಫೆನಿಟಾಯಿನ್ ಬೇಡ. ಕ್ಲೋಬಜಾಮ್ ಎಂಬ ಫಿಟ್ಸ್ ಮಾತ್ರೆ ನುಂಗಿದ್ದಾರೆಂದು, ಅದರ ಪರಿಣಾಮ ಇಳಿಸುವ ಫ್ಲೂಮಾಜೆನಿಲ್ ಚುಚ್ಚಿ ಎಬ್ಬಿಸುವ ಅಡ್ಡದಾರಿ ಕೆಲವರು ಹಿಡಿಯುತ್ತಾರೆ. ಅಪಸ್ಮಾರ ಇರುವವರಿಗೆ ಅದು ನಿಲ್ಲದ ಫಿಟ್ಸ್ ತರಬಹುದು. ದಯವಿಟ್ಟು ಬೇಡ.

ಹೇಗೆ ಜಾಸ್ತಿಯಾಯಿತು ಎಂದು ಕೇಳಿ. ಕೆಲವು ಸಲ ಒಂದು ಮಾತ್ರೆಯೂ ಹೆಚ್ಚು ನುಂಗಿರುವುದಿಲ್ಲ. ಫಂಗಸ್ ಮಾತ್ರೆ ಫ್ಲುಕೊನಜೋಲ್ ಶುರುಮಾಡಿ ಫೆನಿಟಾಯಿನ್ ಏರಿರುತ್ತದೆ, ಆ್ಯಂಟಿಬಯೋಟಿಕ್ ಆದ ಕ್ಲಾರಿಥ್ರೋಮೈಸಿನ್‌ನಿಂದ ಕಾರ್ಬಮಜೆಪೈನ್ ಏರಿರುತ್ತದೆ. ಬೇಕೆಂದೇ ನುಂಗಿದ್ದರೆ ಗದರಬೇಡಿ, ಒಂಟಿಯಾಗಿ ಬಿಡಬೇಡಿ. ಮನೋವೈದ್ಯರು ಮಾತಾಡಿಸದೆ ಡಿಸ್ಚಾರ್ಜ್ ಚೀಟಿ ಬರೆಯಬೇಡಿ.